ಬೈಪಾಸ್ ಹೇಳಿದ್ದಾರೆ, ರೆಫರಲ್ ಪತ್ರ ಇಲ್ಲದೆ ಆಯುಷ್ಮಾನ್ ಸಿಗುವುದಿಲ್ಲವೇ?

ಕಟಪಾಡಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 66 ವರ್ಷ. ದರೆ ಹತ್ತುವಾಗ ಎದೆ ಬಿಗಿಯುತ್ತದೆ ಎನ್ನುತ್ತಿದ್ದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಆಗಬೇಕು, ಇವತ್ತೇ ಎಂದಿಲ್ಲ, ಆದರೆ ತುಂಬಾ ದೂಡಬೇಡಿ ಎಂದಿದ್ದಾರೆ. ನಮ್ಮದು ಬಿಪಿಎಲ್ ಕಾರ್ಡ್. ಕೌಂಟರಿನಲ್ಲಿ ಕೇಳಿದರೆ ಸರಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದರೆ ಮಾತ್ರ ಯೋಜನೆಯಲ್ಲಿ ಆಗುತ್ತದೆ, ಇಲ್ಲದಿದ್ದರೆ ನಗದು ಎನ್ನುತ್ತಾರೆ. ಪರೀಕ್ಷೆ ಎಲ್ಲಾ ಇಲ್ಲೇ ಆಗಿರುವಾಗ ಇನ್ನೊಂದು ಆಸ್ಪತ್ರೆಗೆ ಯಾಕೆ ಹೋಗಬೇಕು? ಸಂಬಂಧಿಕರೊಬ್ಬರು "ಎಮರ್ಜೆನ್ಸಿ ಎಂದು ಬರೆಸಿ, ಸೀದಾ ಸೇರಿಸಿ" ಎನ್ನುತ್ತಿದ್ದಾರೆ. ತಿಳಿದವರು ಹೇಳಿ.

ಬಿಲ್ಲಿಂಗ್ ಕೌಂಟರ್

ಅಕ್ಕಾ, ಕೌಂಟರಿನವರು ಹೇಳಿದ್ದು ಸರಿ. ನಾನು ಮಂಗಳೂರಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಬಹಳ ಕಾಲ ಇದ್ದವನು. ನಮ್ಮ ರಾಜ್ಯದಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ 2018ರಲ್ಲಿ ಒಂದಾದವು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆರಂಭದ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವುಗಳಲ್ಲಿ ತುರ್ತು ಎಂದು ಗುರುತಿಸಿದ್ದು 171 ಮಾತ್ರ. ಆ 171ಕ್ಕೆ ಪತ್ರ ಬೇಡ. ಸರಳವಾದ ಚಿಕಿತ್ಸೆಗಳನ್ನು ಸರಕಾರಿ ಆಸ್ಪತ್ರೆಯಲ್ಲೇ ಮಾಡಿಸಬೇಕು. ಉಳಿದ ದೊಡ್ಡ ಚಿಕಿತ್ಸೆಗಳಿಗೆ ಸರಕಾರಿ ವೈದ್ಯರು "ಇಲ್ಲಿ ಆಗುವುದಿಲ್ಲ" ಎಂದು ಬರೆದುಕೊಟ್ಟ ಮೇಲೆಯೇ ಖಾಸಗಿ ಬಾಗಿಲು.

ಎಮರ್ಜೆನ್ಸಿ ಎಂದು ಬರೆಸುವ ಆಸೆ ಬಿಡಿ. ಅನುಮತಿ ಕೊಡುವ ಕಡೆ ಕುಳಿತಿರುವವರೂ ವೈದ್ಯರೇ. ಇಸಿಜಿ, ರಕ್ತಪರೀಕ್ಷೆಯ ವರದಿ, ಆಂಜಿಯೋ ಚಿತ್ರ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು. ನಡೆದುಕೊಂಡು ಬಂದ ರೋಗಿಯನ್ನು ಹೃದಯಾಘಾತ ಎಂದು ತೋರಿಸಲು ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ. ಅಷ್ಟರಲ್ಲಿ ನೀವು ದಾಖಲಾಗಿರುತ್ತೀರಿ, ಮೀಟರ್ ಓಡುತ್ತಿರುತ್ತದೆ.

ನೀವು ಮಾಡಬೇಕಾದದ್ದು: ದಾಖಲಾಗುವ ಮೊದಲೇ ರೇಷನ್ ಕಾರ್ಡ್, ಆಧಾರ್, ಆಂಜಿಯೋ ವರದಿ ಮತ್ತು ಸಿಡಿ ಹಿಡಿದು ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಮಾವನವರನ್ನೂ ಕರೆದುಕೊಂಡು ಹೋಗಿ. ಒಪಿಡಿ ಚೀಟಿ ಮಾಡಿಸಿ, ವೈದ್ಯರಿಗೆ ತೋರಿಸಿ, ಆಮೇಲೆ ಅಲ್ಲಿರುವ ಆರೋಗ್ಯ ಮಿತ್ರರನ್ನು (ಯೋಜನೆಯ ಕಾಗದಪತ್ರಕ್ಕೆ ನೆರವಾಗುವವರು) ಕೇಳಿ. ಪತ್ರದಲ್ಲಿ ಹೆಸರು ಆಧಾರಿನಲ್ಲಿದ್ದಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿಕೊಳ್ಳಿ. ನಮ್ಮ ಕಡೆ ಒಂದರಲ್ಲಿ ಪೂಜಾರಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಅರ್ಧ ತಕರಾರು ಅಲ್ಲಿಂದಲೇ ಹುಟ್ಟುತ್ತದೆ.

ಕಡಲಕರೆ

ಇದೆಂತಹ ನ್ಯಾಯ ಮಾರಾಯರೇ? ಹೃದಯದ ವೈದ್ಯರೇ ಇಲ್ಲದ ತಾಲೂಕು ಆಸ್ಪತ್ರೆಗೆ ಹೋಗಿ "ನಿಮ್ಮಲ್ಲಿ ಹೃದಯದ ವೈದ್ಯರಿಲ್ಲ" ಎಂದು ಅವರಿಂದಲೇ ಬರೆಸಿಕೊಂಡು ಬರಬೇಕು. ಬೈಂದೂರು ಕಡೆಯ ಮುದುಕರೊಬ್ಬರು ಇದಕ್ಕಾಗಿ ಎರಡು ಬಸ್ ಬದಲಾಯಿಸಬೇಕು. ಕೂಲಿಗೆ ಹೋಗುವ ಮಗ ರಜೆ ಹಾಕಬೇಕು. ಉಚಿತ ಚಿಕಿತ್ಸೆ ಎನ್ನುತ್ತಾರೆ, ಈ ಖರ್ಚು ಯಾವ ಲೆಕ್ಕದಲ್ಲಿ ಬರುತ್ತದೆ?

ಡ್ಯೂಟಿ ಡಾಕ್ಟರ್

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ರೆಫರಲ್ ಪತ್ರ ಎಂಬ ಆ ಗೇಟನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂದೂ ಯೋಚಿಸಿ. ಕಡ್ಡಾಯ ಸೇವೆಯಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಾನು. ಯೋಜನೆಯಡಿ ಚಿಕಿತ್ಸೆ ಕೊಟ್ಟರೆ ಸರಕಾರಿ ಆಸ್ಪತ್ರೆಗೂ ಟ್ರಸ್ಟಿನಿಂದ ಹಣ ಬರುತ್ತದೆ. ಆ ಹಣದಿಂದಲೇ ಉಪಕರಣ ರಿಪೇರಿ, ಮದ್ದು ಖರೀದಿ ನಡೆಯುತ್ತದೆ. ಗೇಟ್ ಇಲ್ಲದಿದ್ದರೆ ಹರ್ನಿಯಾದಿಂದ ಹಿಡಿದು ಎಲ್ಲವೂ ಖಾಸಗಿಗೆ ಹೋಗಿ, ಸರಕಾರಿ ಆಸ್ಪತ್ರೆಯಲ್ಲಿ ಗೋಡೆ ಮಾತ್ರ ಉಳಿಯುತ್ತದೆ.

ಸಮಸ್ಯೆ ಗೇಟಿನದ್ದಲ್ಲ, ಕರಾವಳಿಯದ್ದು. ಈ ನಿಯಮ ಬರೆದವರ ಕಣ್ಣಿನಲ್ಲಿದ್ದದ್ದು ಮೈಸೂರು, ಹುಬ್ಬಳ್ಳಿಯಂತಹ ಊರು, ಸರಕಾರಿ ವೈದ್ಯಕೀಯ ಕಾಲೇಜು ಇರುವಂಥವು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳು ಸಾಲುಗಟ್ಟಿವೆ, ಸರಕಾರದ್ದು ಒಂದೂ ನಡೆಯುತ್ತಿಲ್ಲ. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಆರಂಭಿಸಿದರು. ಕಾಲೇಜಿನ ವಿದ್ಯಾರ್ಥಿಗಳು ಮಂಗಳೂರಿನಲ್ಲಿ ಕಲಿತದ್ದು 1848ರಷ್ಟು ಹಳೆಯದಾದ ವೆನ್ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆಗಳಲ್ಲಿ. ಖಾಸಗಿ ಕಾಲೇಜಿಗೆ ರೋಗಿಗಳು ಬೇಕಿತ್ತು, ಸರಕಾರಿ ಆಸ್ಪತ್ರೆಗೆ ತಜ್ಞರು ಬೇಕಿತ್ತು. ಆ ಒಪ್ಪಂದದಿಂದ ಬಡವರಿಗೆ ಉಪಕಾರವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ "ಹೇಗೂ ನಡೆಯುತ್ತಿದೆಯಲ್ಲ" ಎಂದು ಸರಕಾರ ತನ್ನದೇ ಕಾಲೇಜು ಕಟ್ಟುವ ಗೋಜಿಗೆ ಹೋಗಲಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಮಾತು. ಕಾಲೇಜು ಆಸ್ಪತ್ರೆಗಳು ಹಳ್ಳಿಗಳಿಗೆ ಬಸ್ ಕಳುಹಿಸುವುದು, ಉಚಿತ ಶಿಬಿರ ಮಾಡುವುದು, ಜನರಲ್ ವಾರ್ಡಿನಲ್ಲಿ ಹಾಸಿಗೆ ಬಿಟ್ಟುಕೊಡುವುದು ಬರೀ ಧರ್ಮಕ್ಕಲ್ಲ. ಹಾಸಿಗೆಗಳಲ್ಲಿ ರೋಗಿಗಳಿಲ್ಲದಿದ್ದರೆ ಕಾಲೇಜಿನ ಮಾನ್ಯತೆಗೇ ಕುತ್ತು. ರೋಗಿಗಾಗಿ ಬರೆದ ಎಷ್ಟೋ ಕಾನೂನುಗಳಿಗಿಂತ, ವಿದ್ಯಾರ್ಥಿಗಾಗಿ ಬರೆದ ಈ ನಿಯಮವೇ ನಮ್ಮ ಊರಿನ ಬಡವರಿಗೆ ಹೆಚ್ಚು ಹಾಸಿಗೆ ಕೊಟ್ಟಿದೆ.

ಕುಚ್ಚಲಕ್ಕಿ ಗಂಜಿ

ಬಿಪಿಎಲ್ ಕಾರ್ಡಿನ ಮಾತು ಬಂತಲ್ಲ, ಒಂದು ವಿಷಯ. ಆಸ್ಪತ್ರೆಯಲ್ಲಿ ನೀವು ಬಡವರೋ ಅಲ್ಲವೋ ಎಂದು ತೀರ್ಮಾನಿಸುವುದು ಆರೋಗ್ಯ ಇಲಾಖೆಯಲ್ಲ, ಆಹಾರ ಇಲಾಖೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ಕೊಟ್ಟ ಕಾರ್ಡ್ ಇದ್ದವರು "ಅರ್ಹ ರೋಗಿ", ಉಳಿದವರು "ಸಾಮಾನ್ಯ ರೋಗಿ". ನಮ್ಮಲ್ಲಿ ಊಟಕ್ಕೆ ಕುಚ್ಚಲಕ್ಕಿಯೇ ಆಗಬೇಕು. ಸೊಸೈಟಿಯಲ್ಲಿ ಕೊಡುವ ಬೆಳ್ತಿಗೆ ಅಕ್ಕಿ ದೋಸೆ, ಇಡ್ಲಿಗೆ ಆಯಿತು, ಉಳಿದದ್ದು ಕೋಳಿಗೆ. ಹಾಗಿದ್ದೂ ಕಾರ್ಡ್ ಹೋಗುತ್ತದೆ ಎಂದರೆ ಜನ ಎದೆ ಹೊಡೆದುಕೊಳ್ಳುವುದು ಯಾಕೆ? ಆಸ್ಪತ್ರೆಗಾಗಿ. 2024ರ ನವೆಂಬರಿನಲ್ಲಿ ಅನರ್ಹ ಕಾರ್ಡ್ ರದ್ದು ಮಾಡುತ್ತೇವೆ ಎಂದು ಹೊರಟ ಸರಕಾರ ಗದ್ದಲವಾದ ಮೇಲೆ ಹಿಂದೆ ಸರಿಯಿತು. ಅಕ್ಕಿಯ ಹೆಸರಿನಲ್ಲಿ ನಡೆದ ಆ ಗದ್ದಲದಲ್ಲಿ ಅರ್ಧ ಭಯ ಆಪರೇಷನ್ನಿನದ್ದು.

ಬೀಡಿ ಕಟ್ಟುವ ಮನೆಯಲ್ಲಿ ಮಗ ಬ್ಯಾಂಕಿನ ಸಾಲ ಪಡೆಯಲಿಕ್ಕೆಂದು ಆದಾಯ ತೆರಿಗೆ ರಿಟರ್ನ್ ಹಾಕುತ್ತಾನೆ. ಅದನ್ನು ನೋಡಿ ಕಾರ್ಡ್ ಪರಿಶೀಲನೆಗೆ ಬರುತ್ತದೆ. ತಾಯಿಯ ಡಯಾಲಿಸಿಸ್ ಅತಂತ್ರವಾಗುತ್ತದೆ. ಮಗನ ಸಾಲದ ಅರ್ಜಿಗೂ ತಾಯಿಯ ಕಿಡ್ನಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರಿಸುವ ಇಲಾಖೆ ಯಾವುದೂ ಇಲ್ಲ.

ಕದ್ರಿ ಎಪಿಎಲ್

ನಮ್ಮಂತಹ ಎಪಿಎಲ್‌ನವರ ಕಥೆ ಯಾರೂ ಹೇಳುವುದಿಲ್ಲ. ಯೋಜನೆ ಎಲ್ಲರಿಗೂ ಎನ್ನುತ್ತಾರೆ. ನಮಗೆ ಸಿಗುವುದು ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಒಟ್ಟು ದರ) ಶೇಕಡಾ 30, ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1.5 ಲಕ್ಷ. ಪ್ಯಾಕೇಜ್ 1 ಲಕ್ಷವಾದರೆ 30 ಸಾವಿರ ಸರಕಾರದ್ದು, 70 ಸಾವಿರ ನಮ್ಮದು. ಬಡವನಲ್ಲ, ಶ್ರೀಮಂತನೂ ಅಲ್ಲ. ಸಣ್ಣ ಅಂಗಡಿ ಇಟ್ಟುಕೊಂಡವನಿಗೆ ಒಂದು ಕಾಯಿಲೆ ಸಾಕು.

ಬಿಲ್ಲಿಂಗ್ ಕೌಂಟರ್

ಕದ್ರಿಯವರೇ, ಆ ಶೇಕಡಾ 30ನ್ನು ಹಗುರವಾಗಿ ಕಾಣಬೇಡಿ. ಅದರಲ್ಲಿ ಲಾಭ ಆ 30 ಸಾವಿರದ್ದಲ್ಲ. ಉಳಿದ 70ನ್ನೂ ಪ್ಯಾಕೇಜ್ ದರದ ಲೆಕ್ಕದಲ್ಲೇ ಕೊಡುತ್ತೀರಿ ಎಂಬುದು ದೊಡ್ಡ ವಿಷಯ. ನಗದು ಕೊಡುವ ರೋಗಿಗೆ ಅದೇ ಆಪರೇಷನ್ನಿನ ಬಿಲ್ ಪ್ಯಾಕೇಜ್ ದರಕ್ಕಿಂತ ಎಷ್ಟೋ ಮೇಲೆ ಹೋಗಿ ನಿಲ್ಲುತ್ತದೆ. ಎಪಿಎಲ್‌ನವರು ಕೇಳುವುದೇ ಇಲ್ಲ, "ನಮಗೆಂತ ಆಯುಷ್ಮಾನ್" ಎಂದು ಡೆಬಿಟ್ ಕಾರ್ಡ್ ತೆಗೆಯುತ್ತಾರೆ. ಜನರಲ್ ವಾರ್ಡಿನಲ್ಲಿ ಮಲಗಲು ಮರ್ಯಾದೆ ಅಡ್ಡ ಬರುವುದೂ ಉಂಟು.

ಸುರತ್ಕಲ್ ಟೀಚರ್

ನನಗೆ ಖಾಸಗಿ ವಿಮೆ ಇದೆ, ಆದ್ದರಿಂದ ಚಿಂತೆಯಿಲ್ಲ ಎಂದುಕೊಂಡಿದ್ದೆ. ಕಳೆದ ವರ್ಷ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ ಪಾಲಿಸಿಯಲ್ಲಿ ಮೊತ್ತ ಬೇಕಾದಷ್ಟು ಉಳಿದಿದ್ದರೂ ಕೈಯಿಂದ ಗಣನೀಯ ಹಣ ಹೋಯಿತು. ಕೋಣೆಯ ಬಾಡಿಗೆಗೆ ಮಿತಿ ಇತ್ತಂತೆ. ಬಾಡಿಗೆಯ ವ್ಯತ್ಯಾಸ ಮಾತ್ರ ಕೊಟ್ಟರೆ ಸಾಕಲ್ಲವೇ? ಇಡೀ ಬಿಲ್ಲಿನಲ್ಲೇ ಕಡಿತ ಯಾಕೆ?

ಬಿಲ್ಲಿಂಗ್ ಕೌಂಟರ್

ಇದನ್ನು ಎಷ್ಟು ಜನರಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಪಾಲಿಸಿಯಲ್ಲಿ ದಿನಕ್ಕೆ 5,000 ಮಿತಿ ಇದೆ, ನೀವು 8,000ದ ಕೋಣೆ ಹಿಡಿದಿರಿ ಎಂದುಕೊಳ್ಳಿ. ಆಸ್ಪತ್ರೆಗಳಲ್ಲಿ ಕೋಣೆ ದುಬಾರಿಯಾದಂತೆ ಸರ್ಜನ್ ಶುಲ್ಕ, ಅರಿವಳಿಕೆ, ಥಿಯೇಟರ್ ಬಾಡಿಗೆ ಎಲ್ಲವೂ ಏರುತ್ತವೆ. ಅದೇ ಚಾಕು, ಅದೇ ಕೈ, ದರ ಬೇರೆ. ಹಾಗಾಗಿ ವಿಮಾ ಕಂಪೆನಿ 8ಕ್ಕೆ 5ರ ಲೆಕ್ಕ ಹಿಡಿದು ಆ ಬಾಬ್ತುಗಳಿಗೆಲ್ಲ ನೂರಕ್ಕೆ 62.50 ಮಾತ್ರ ಕೊಡುತ್ತದೆ. ಆದರೆ ಮದ್ದು, ಇಂಪ್ಲಾಂಟ್, ಪ್ರಯೋಗಾಲಯದ ಪರೀಕ್ಷೆಗಳಿಗೆ ಈ ಕತ್ತರಿ ಹಾಕುವಂತಿಲ್ಲ, ಐಸಿಯುಗೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಸ್ಪಷ್ಟ ಮಾಡಿದೆ. ನಿಮ್ಮ ಕಡಿತದ ಪಟ್ಟಿಯಲ್ಲಿ ಅವೂ ಸೇರಿದ್ದರೆ ಈಗಲೂ ಬರೆದು ಕೇಳಿ. ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರು ಕೇಳುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ವಕೀಲರು ಬೇಡ, ಶುಲ್ಕವೂ ಇಲ್ಲ.

ಅಂದಹಾಗೆ, ಐಸಿಯು ಬಿಟ್ಟು ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆಗೆ 2022ರ ಜುಲೈಯಿಂದ ಶೇಕಡಾ 5 ಜಿಎಸ್‌ಟಿ ಬೇರೆ. ಆ ಕಾರಣಕ್ಕೆ 4,950ರ ಕೋಣೆಗಳು ಹುಟ್ಟಿಕೊಂಡದ್ದನ್ನು ನೀವೂ ನೋಡಿರಬಹುದು.

ಸುರತ್ಕಲ್ ಟೀಚರ್

ಕಡಿತದ ಪಟ್ಟಿ ತೆಗೆದು ನೋಡಿದೆ. ಮದ್ದಿನ ಸಾಲಿನಲ್ಲೂ ಅದೇ ಕತ್ತರಿ ಬಿದ್ದಿದೆ! ಇವತ್ತೇ ಪತ್ರ ಬರೆಯುತ್ತೇನೆ. ಪ್ರೀಮಿಯಂ ಮೇಲಿನ ಶೇಕಡಾ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಯಿತಲ್ಲ, ಅಷ್ಟಾದರೂ ಸಮಾಧಾನ.

ನೋಟರಿ, ಪಿವಿಎಸ್ ಬಳಿ

ಟೀಚರ್, ಆ ಸಮಾಧಾನವನ್ನು ಸ್ವಲ್ಪ ಕಾದು ಪಡೆಯಿರಿ. ತೆರಿಗೆ ಸೊನ್ನೆಯಾದಾಗ ಕಂಪೆನಿಗಳು ತಾವು ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಅವಕಾಶವನ್ನೂ ಕಳೆದುಕೊಂಡವು. ಮೂಲ ಪ್ರೀಮಿಯಂ ಏರಿದರೆ ಆಶ್ಚರ್ಯವಿಲ್ಲ. 60 ದಾಟಿದವರಿಗೆ ಮಾತ್ರ, ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಯಾಕಿಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ, ಕೆಪಿಎಂಇ ಎನ್ನುತ್ತೇವೆ. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಎಲ್ಲಾ ಚಿಕಿತ್ಸೆಗೂ ದರ ನಿಗದಿ ಮಾಡುವ, ತಪ್ಪಿದ ವೈದ್ಯರಿಗೆ ಜೈಲಿನವರೆಗೂ ಹೋಗುವ ತಿದ್ದುಪಡಿ ಬಂತು. ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಬಾಗಿಲು ಹಾಕಿದರು. ಕೊನೆಗೆ ಅಂಗೀಕಾರವಾದದ್ದು ಹಲ್ಲು ಕಿತ್ತ ಮಸೂದೆ. ದರ ನಿಗದಿ ಸರಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ ಸೀಮಿತವಾಯಿತು. ನಗದು ಕೊಡುವವನು ಮಾರುಕಟ್ಟೆಗೆ ಬಿಟ್ಟ ಕುರಿ.

ಆದರೂ ಉಳಿದದ್ದು ಕಡಿಮೆಯೇನಲ್ಲ. ದರಪಟ್ಟಿ ಕಾಣುವಂತೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕೇಳದೆ ಚಿಕಿತ್ಸೆ ಆರಂಭಿಸಬೇಕು. ರೋಗಿ ತೀರಿಕೊಂಡರೆ ಬಿಲ್ ಬಾಕಿ ಎಂದು ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬೇಕು. ಜನ ಫೇಸ್‌ಬುಕ್‌ನಲ್ಲಿ ಲೈವ್ ಹೋಗುತ್ತಾರೆ, ಅಲ್ಲಿಗೆ ಒಂದು ಅರ್ಜಿ ಹಾಕುವುದಿಲ್ಲ. ಚಿಕಿತ್ಸೆಯ ದಾಖಲೆ ಬೇಕೆಂದು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯರ ನಡಾವಳಿ ನಿಯಮದಲ್ಲಿ 2002ರಿಂದಲೂ ಇದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಮನಸ್ಸು ಮಾಡಿದರೆ ಸರಕಾರಕ್ಕೆ ದರ ಹಿಡಿಯಲು ಬರುತ್ತದೆ. 2024ರ ಮಳೆಗಾಲದಲ್ಲಿ ಡೆಂಗಿ ಏರಿದಾಗ ಅದನ್ನು ಪತ್ತೆ ಮಾಡುವ ಎನ್‌ಎಸ್1 ರಕ್ತಪರೀಕ್ಷೆಗೆ 300 ರೂಪಾಯಿ ಎಂದು ರಾಜ್ಯವಿಡೀ ನಿಗದಿಯಾಯಿತು. ಲ್ಯಾಬುಗಳೇನೂ ಮುಚ್ಚಿಹೋಗಲಿಲ್ಲ.

ಡ್ಯೂಟಿ ಡಾಕ್ಟರ್

ನೋಟರಿಯವರೇ, ಡೆಂಗಿ ಪರೀಕ್ಷೆಯ ದರಕ್ಕೂ ಬೈಪಾಸಿನ ದರಕ್ಕೂ ಹೋಲಿಕೆ ಮಾಡಬೇಡಿ. ಒಂದು ಕಿಟ್‌ನ ಬೆಲೆ ಎಲ್ಲರಿಗೂ ಗೊತ್ತು. ಐಸಿಯುವಿನಲ್ಲಿ ರಾತ್ರಿಯಿಡೀ ನಿಲ್ಲುವ ನರ್ಸ್‌ಗೆ ಎಷ್ಟು ಎಂದು ಯಾವ ಸಮಿತಿ ಲೆಕ್ಕ ಹಾಕಿದೆ? ಯೋಜನೆಯ ಹಣ ತಿಂಗಳುಗಟ್ಟಲೆ ಬಾಕಿ ಉಳಿದಾಗ ಸಣ್ಣ ಆಸ್ಪತ್ರೆಗಳು ಒಂದೊಂದೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಆಗ ಪೆಟ್ಟು ಬೀಳುವುದು ಯಾರಿಗೆ?

ಬಿಲ್ಲಿಂಗ್ ಕೌಂಟರ್

ಇಬ್ಬರದ್ದೂ ಸರಿ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ನಾನು ನೋಟರಿಯವರ ಕಡೆ. ಒಂದು ಬಾಗಿಲು ಹಾಕಿದರೆ ಹಣ ಇನ್ನೊಂದು ಕಿಂಡಿಯಿಂದ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. 2017ರ ಫೆಬ್ರವರಿಯಲ್ಲಿ, ಬ್ಲಾಕ್ ಆದ ರಕ್ತನಾಳ ತೆರೆದಿಡಲು ಹಾಕುವ ಮದ್ದು ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಬಂತು. ಅದಕ್ಕೆ ಮೊದಲು ಅದು ಲಕ್ಷದ ಮೇಲಿತ್ತು. ನಿಜವಾದ ಉಪಕಾರ, ಈಗಲೂ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರ್ಯಾಂಡ್, ಬ್ಯಾಚ್ ಸಂಖ್ಯೆ ಪ್ರತ್ಯೇಕ ಕಾಣಿಸಬೇಕು. ಆದರೆ ನಾನು ಕುಳಿತಿದ್ದ ಮೇಜಿನ ಮೇಲೆ ಆ ಬಳಿಕ "ಕನ್ಸ್ಯೂಮೇಬಲ್ಸ್" ಎಂಬ ಸಾಲು ಉದ್ದವಾಗತೊಡಗಿತು. ಕೈಗವಸು, ಸಿರಿಂಜ್, ಮೂರು ದಾರಿಯ ನಳಿಕೆ, ಹತ್ತಿ. ಯಾವುದೂ ಎಂಆರ್‌ಪಿ ಮೀರಿಲ್ಲ, ಏಕೆಂದರೆ ಎಂಆರ್‌ಪಿಯನ್ನೇ ಮೇಲೆ ಮುದ್ರಿಸಿರುತ್ತಾರೆ. ರಾಷ್ಟ್ರೀಯ ಔಷಧ ದರ ಪ್ರಾಧಿಕಾರ 2018ರಲ್ಲಿ ದಿಲ್ಲಿ ಪ್ರದೇಶದ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ತೆರೆದು ನೋಡಿದಾಗ ಲಾಭದ ಅಂಶ ಗರಿಷ್ಠ ಶೇಕಡಾ 1,737ರವರೆಗೆ ಸಿಕ್ಕಿತು. ಕಾನೂನು ಮುರಿಯದೆಯೇ!

ಬಿಲ್ ಎನ್ನುವುದು ಡಿಸ್ಚಾರ್ಜ್ ದಿನ ತಯಾರಾಗುವುದಲ್ಲ. ಯಾವ ಕಾರ್ಡ್ ಹಿಡಿದು, ಯಾವ ಬಾಗಿಲಿನಿಂದ, ಯಾವ ವಾರ್ಡಿಗೆ ಹೋದಿರಿ ಎಂಬಲ್ಲೇ ಅದರ ಮುಕ್ಕಾಲು ಪಾಲು ಬರೆದಾಗಿರುತ್ತದೆ. ಕೊನೆಯಲ್ಲಿ ಬಂದು ಸ್ವಲ್ಪ ಕಡಿಮೆ ಮಾಡಿ ಎಂದು ಕೇಳುವವರನ್ನು ಕಂಡಾಗ ನನಗೆ ಪಾಪ ಅನ್ನಿಸುತ್ತಿತ್ತು. ಆಗ ಉಳಿದಿರುವುದು ಚಿಲ್ಲರೆ.

ಉಪ್ಪಳದಿಂದ

ಗಡಿಯಾಚೆಯ ಕನ್ನಡಿಗನ ಮಾತನ್ನೂ ಕೇಳಿ. ಉಪ್ಪಳ, ಮಂಜೇಶ್ವರದ ನಮಗೆ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿ ರಸ್ತೆಗೆ ಮಣ್ಣು ಸುರಿದಾಗ ನಮ್ಮ ಕಡೆಯ ರೋಗಿಗಳು ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟ್ ತೆರೆಯಿರಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಬಿದ್ದಿತ್ತು. ಅದು ಸರಿಯಾಗಿ ನಡೆಯುತ್ತಿದ್ದರೆ ನಾವು ತಲಪಾಡಿಯಲ್ಲಿ ಕೈಮುಗಿದು ನಿಲ್ಲಬೇಕಿರಲಿಲ್ಲ. ಈಗಲೂ ನಮ್ಮ ಕೇರಳದ ಕಾರ್ಡ್ ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ, ಯಾವ ವಿಭಾಗಕ್ಕೆ ನಡೆಯುತ್ತದೆ ಎಂದು ಹೊರಡುವ ಮೊದಲು ಫೋನ್ ಮಾಡಿ ಕೇಳುತ್ತೇವೆ. ನಿಮಗೆ ಅಜ್ಜರಕಾಡು ದೂರವಾಯಿತೇ ಕಡಲಕರೆಯವರೇ?

ಕಡಲಕರೆ

ಒಪ್ಪಿದೆ ಮಾರಾಯರೇ. ಆದರೆ ನಿಮ್ಮ ಕಷ್ಟ ದೊಡ್ಡದೆಂದು ಬೈಂದೂರಿನ ಬಸ್ ಚಾರ್ಜ್ ಕಡಿಮೆಯಾಗುವುದಿಲ್ಲ. ಕಾಗದ ಹೋಗಿ ಬರಲು ಕಂಪ್ಯೂಟರ್ ಇದೆ, ಮನುಷ್ಯ ಯಾಕೆ ಹೋಗಬೇಕು? ಆಂಜಿಯೋ ಚಿತ್ರವನ್ನು ಜಿಲ್ಲಾಸ್ಪತ್ರೆಯ ವೈದ್ಯರು ಕುಳಿತಲ್ಲೇ ನೋಡಿ ಒಪ್ಪಿಗೆ ಕೊಡಲಿ. ಅಷ್ಟು ಮಾಡಿದರೆ ಗೇಟೂ ಉಳಿಯುತ್ತದೆ, ಮುದುಕರ ನಡುವೂ ಉಳಿಯುತ್ತದೆ.

ಹಾಲು ಡೈರಿ

ಯಶಸ್ವಿನಿ ಮರೆತಿರಾ? ನಮ್ಮ ಕಿನ್ನಿಗೋಳಿಯವರೇ ಆದ ಡಾ. ದೇವಿ ಶೆಟ್ಟರ ಕಲ್ಪನೆಯಿಂದ 2003ರಲ್ಲಿ ಸಹಕಾರಿಗಳಿಗಾಗಿ ಬಂದ ಯೋಜನೆ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿತು, ರೈತರು ಬಿಡದೆ ಕೇಳಿದ ಮೇಲೆ ಮತ್ತೆ ಬಂದಿದೆ. ಹಳ್ಳಿಯಲ್ಲಿ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗೆ. ಎಪಿಎಲ್ ಕಾರ್ಡಿನ ಹೈನುಗಾರರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಕಾಣುವುದಿಲ್ಲ. ಒಂದೇ ತೊಡಕು, ನೋಂದಣಿಗೆ ಅವಧಿ ಇರುತ್ತದೆ. ಕಾಯಿಲೆ ಬಂದ ಮೇಲೆ ಡೈರಿಗೆ ಓಡಿ ಬಂದರೆ ಕಾರ್ಯದರ್ಶಿಯೂ ಏನೂ ಮಾಡಲಾರರು.

ಕಟಪಾಡಿ ಸೊಸೆ

ಎಲ್ಲರಿಗೂ ಉಪಕಾರ. ಪತ್ರ ಸಿಕ್ಕಿತು, ಅನುಮತಿಗೆ ಹಾಕಿದ್ದಾರೆ. ಈಗ ಬೇರೆ ಪ್ರಶ್ನೆ. ಜನರಲ್ ವಾರ್ಡ್ ಬೇಡ, ಎರಡು ಹಾಸಿಗೆಯ ಕೋಣೆ ಬೇಕು, ವ್ಯತ್ಯಾಸ ನಾವೇ ಕೊಡುತ್ತೇವೆ ಎಂದು ಮೈದುನ ಹಟ ಹಿಡಿದಿದ್ದಾನೆ. ಕೊಡಬಹುದೇ? ಮತ್ತೆ, ಆಪರೇಷನ್ ಆದ ಮೇಲಿನ ಮದ್ದು ಇದರಲ್ಲೇ ಬರುತ್ತದೆಯೇ?

ಬಿಲ್ಲಿಂಗ್ ಕೌಂಟರ್

ಬೇಡವೇ ಬೇಡ. ಯೋಜನೆ ಜನರಲ್ ವಾರ್ಡಿಗೆ ಮಾತ್ರ. ಕೋಣೆ ಕೇಳಿದ ಕ್ಷಣ ನೀವು ನಗದು ರೋಗಿ. ಮೈದುನನಿಗೆ ಮೇಲಿನ 8ಕ್ಕೆ 5ರ ಲೆಕ್ಕ ಓದಿ ಹೇಳಿ. ಜನರಲ್ ವಾರ್ಡಿನಲ್ಲಿರುವಾಗ ಯಾರಾದರೂ ಹಣ ಕೇಳಿದರೆ ರಸೀದಿ ಕೇಳಿ, ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ. ರಸೀದಿ ಎಂದ ಕೂಡಲೇ ಬಹಳ ಬೇಡಿಕೆಗಳು ಇಳಿದುಹೋಗುತ್ತವೆ. ಮದ್ದಿನದ್ದು ಮದ್ದಿನಂಗಡಿಯವರು ಹೇಳಲಿ.

ಕುಂದಾಪುರ ಮದ್ದಿನಂಗಡಿ

ಮನೆಗೆ ಬಂದ ಮೇಲೆ 15 ದಿನದ ಮದ್ದು ಪ್ಯಾಕೇಜಿನಲ್ಲಿ ಸೇರಿದೆ. ಕೇಳಿ ಪಡೆಯಿರಿ, ಕೆಲವೊಮ್ಮೆ ಐದು ದಿನದ್ದು ಕಟ್ಟಿಕೊಡುತ್ತಾರೆ. ಹದಿನಾರನೆಯ ದಿನದಿಂದ ಜೀವಮಾನವಿಡೀ ನಿಮ್ಮದೇ. 5 ಲಕ್ಷದ ಕಾರ್ಡಿನಲ್ಲಿ ಒಂದು ಪಟ್ಟಿ ಕೊಲೆಸ್ಟರಾಲ್ ಮಾತ್ರೆಯೂ ಬರುವುದಿಲ್ಲ.

ಅಗತ್ಯ ಔಷಧಗಳ ಪಟ್ಟಿಯಲ್ಲಿರುವವಕ್ಕೆ ಸರಕಾರ ಬೆಲೆಯ ಮಿತಿ ಹಾಕುತ್ತದೆ. ಆ ಮಿತಿಯೂ ಸಗಟು ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, 2023ರ ಏಪ್ರಿಲಿನಲ್ಲಿ ಒಂದೇ ಸಲ ಶೇಕಡಾ 12.12. ಪಟ್ಟಿಯಲ್ಲಿಲ್ಲದವನ್ನು ಕಂಪೆನಿ ವರ್ಷಕ್ಕೆ ಶೇಕಡಾ 10 ಏರಿಸಬಹುದು. ಎರಡು ಮೂರು ಮದ್ದು ಒಂದೇ ಮಾತ್ರೆಯಲ್ಲಿ ಸೇರಿಸಿದವು ಬಹುಪಾಲು ಪಟ್ಟಿಯ ಹೊರಗೆ. ಬಿಡಿ ಬಿಡಿಯಾಗಿ ಬರೆದರೆ ಅಗ್ಗ, ಆದರೆ ನುಂಗಲು ಹೆಚ್ಚು. ಇದನ್ನು ವೈದ್ಯರಲ್ಲಿ ಕೇಳಲು ಹಿಂಜರಿಯಬೇಡಿ.

ಬ್ರ್ಯಾಂಡ್ ಬಿಟ್ಟು ಮದ್ದಿನ ಮೂಲ ಹೆಸರಿನಲ್ಲೇ (ಜೆನೆರಿಕ್) ಬರೆಯಬೇಕು ಎಂದು ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಚೀಟಿಯಲ್ಲಿ ಬ್ರ್ಯಾಂಡೇ ಇರುತ್ತದೆ. ನಾನು ಅಂಗಡಿಯಲ್ಲಿ ಬದಲಿಸಿ ಕೊಡುವಂತಿಲ್ಲ, ವೈದ್ಯರೇ ಬದಲಿಸಿ ಬರೆಯಬೇಕು. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ: ಮೊದಲ ಫಾಲೋಅಪ್‌ಗೆ ಹೋದಾಗ "ಜನೌಷಧಿಯಲ್ಲಿ ಸಿಗುವ ಹಾಗೆ ಬರೆದುಕೊಡಿ" ಎಂದು ಬಾಯಿಬಿಟ್ಟು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ದುಬಾರಿ ಎಂದು ನೀವಾಗಿ ನಿಲ್ಲಿಸಬೇಡಿ. ನಮ್ಮ ಅಂಗಡಿಗೆ ಹಳೆಯ ಚೀಟಿ ಹಿಡಿದು ಬಂದು "ಇದೊಂದು ಬಿಟ್ಟು ಉಳಿದದ್ದು ಕೊಡಿ" ಎನ್ನುವವರು ಪ್ರತಿದಿನ ಬರುತ್ತಾರೆ.